ಕ್ಯಾಪ್ಟನ್ ಸತ್ತದ್ದು ಪುಸ್ತಕದಲ್ಲಿ, ಎದ್ದದ್ದು ಟೀವಿಯಲ್ಲಿ

ಬರೆಯುವವನಿಗೆ ಜನ ತಪ್ಪು ತೋರಿಸುವುದು ಇದ್ದದ್ದೇ. ನನಗೆ ಮಾತ್ರ ಒಂದು ಟೀವಿ ಪೆಟ್ಟಿಗೆ ತಪ್ಪು ತೋರಿಸುತ್ತಿತ್ತು, ಅದೂ ಪ್ರತಿ ಭಾನುವಾರ ಬೆಳಿಗ್ಗೆ, ಊರವರೆಲ್ಲ ಕೂತು ನೋಡುವಾಗ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅಂತರಿಕ್ಷ ನೌಕೆಯ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಗುಲಬರ್ಗಾದ ಒಬ್ಬ ಪ್ರಕಾಶಕರು ಮುಂಬಯಿಯವರ ಒಪ್ಪಿಗೆ ಪಡೆದು, ಅದೇ ಕಥೆಯನ್ನು ಕನ್ನಡದಲ್ಲಿ ಪಾಕೆಟ್ ಕಾದಂಬರಿ ಮಾಡಲು ನನ್ನನ್ನು ಹಚ್ಚಿದರು. ಟೀವಿಯಲ್ಲಿ ಬರುವ ಮೊದಲೇ ಮುಂಬಯಿಯಿಂದ ಕಥೆಯ ಸಾರಾಂಶ ಟಪಾಲಿನಲ್ಲಿ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಷರತ್ತು ಒಂದೇ: ಪರದೆಯ ಮೇಲೆ ಇದ್ದದ್ದೇ ಪುಸ್ತಕದಲ್ಲಿ ಇರಬೇಕು. ನೋಡದೇ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕಂತೆ. ಆಯಿತು ಅಂದೆ.

ಗಡಿಯಾರ

ಆಳಂದದಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದರು. ನನ್ನ ಪುಸ್ತಕವನ್ನೂ ಟೀವಿಯನ್ನೂ ತಾಳೆ ನೋಡಿ, ಎಲ್ಲೆಲ್ಲಿ ಹೊಂದುವುದಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ನಾನು ಆ ಊರಿಗೆ ಹೋದಾಗ ಅಂಗಡಿಯ ಮುಂದೆ ಹಾದರೆ ಸಾಕು, ಕರೆದು ಕೂಡಿಸುತ್ತಿದ್ದರು.

"ಮಾಸ್ತರ್ ಸಾಬ್, ಪುಸ್ತಕದಾಗ ನಿಮ್ಮ ಕ್ಯಾಪ್ಟನ್ ಎಡಗೈಗಿ ಗಡಿಯಾರ ಕಟ್ಯಾನ. ಟೀವಿದಾಗ ಬಲಗೈಗಿ ಅದ. ಯಾವುದು ಖರೇ?"

"ಪುಸ್ತಕ ಮೊದಲ ಬಂದದ ಚಾಚಾ. ಅಂವ ಆಮ್ಯಾಲ ಕೈ ಬದಲಿ ಮಾಡ್ಯಾನ."

"ಯಾಕ ಮಾಡ್ದ?"

"ಆಳಂದದಾಗ ರಿಪೇರಿ ಮಾಡ್ಸಿದ್ನಂತ. ಅವತ್ತಿಂದ ಎಡಗೈಗಿ ಕಟ್ಟಿದ್ರ ನಿಂತ್ಬಿಡ್ತದಂತ."

ಚಾಚಾ ನಗಲಿಲ್ಲ. ನೋಟ್‌ಬುಕ್ ಮುಚ್ಚಿ, ಕಣ್ಣಿನ ಭೂತಗನ್ನಡಿ ತೆಗೆದು ಹೇಳಿದರು: "ನಮ್ದು ಆರು ತಿಂಗಳ ಗ್ಯಾರಂಟಿ ಅದ. ಬಂದು ತೋರ್ಸಲಿಕ್ಕೆ ಹೇಳ್ರಿ ಅವರಿಗಿ."

ಗುಳಿಗೆ

ಮೊದಲ ಪುಸ್ತಕದಲ್ಲಿ ನೌಕೆಯವರೆಲ್ಲ ಸುತ್ತ ಕೂತು ಒಣಗಿಸಿದ ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ತಿಂದಿದ್ದರು. ತಿಂಗಳುಗಟ್ಟಲೆ ಕೆಡದ ಊಟ, ವಿಜ್ಞಾನದ ದೃಷ್ಟಿಯಿಂದ ಇದಕ್ಕಿಂತ ಸರಿಯಾದದ್ದು ಯಾವುದಿದೆ? ಟೀವಿಯಲ್ಲಿ ನೋಡಿದರೆ ಅವರು ಬರೀ ಗುಳಿಗೆ ನುಂಗುತ್ತಿದ್ದರು. ಮುಂಬಯಿ ಕಚೇರಿಯಲ್ಲಿ ಕನ್ನಡ ಬಲ್ಲವರೊಬ್ಬರು ಇದ್ದರೆಂದು ಕಾಣುತ್ತದೆ, ಪ್ರಕಾಶಕರಿಗೆ ಖಡಕ್ ಪತ್ರ ಬಂತು. ಅವರು ಶಾಲೆಗೆ ಫೋನ್ ಮಾಡಿದರು.

"ಮಾಸ್ತರ, ರೊಟ್ಟಿ ತಗೀರಿ. ಗುಳಿಗಿ ಹಾಕ್ರಿ."

"ಗುಳಿಗಿ ನುಂಗಿ ಯಾರ ಹೊಟ್ಟಿ ತುಂಬತದ್ರಿ? ಹಸದ್ ಮಂದಿ ನೌಕಾ ಹ್ಯಾಂಗ ನಡಸ್ತಾರ?"

"ನನಗ ಗೊತ್ತಿಲ್ಲ. ಗುಳಿಗಿ ಇರಬೇಕಂದ್ರ ಇರಬೇಕು."

ನಾನೇನು ಮಾತು ಮೀರುವವನಲ್ಲ. ಎರಡನೆಯ ಪುಸ್ತಕದಲ್ಲಿ ಹೀಗೆ ಬರೆದೆ: "ಎಲ್ಲರೂ ಗುಳಿಗೆ ನುಂಗಿದರು. ನಂತರ ಊಟಕ್ಕೆ ಕೂತರು."

ಕರೆಂಟ್

ಅತನೂರಿನಲ್ಲಿ ಪಂಚಾಯತಿ ಟೀವಿಯ ಮುಂದೆ ಅರ್ಧ ಊರೇ ಸೇರುತ್ತಿತ್ತು. ಒಂದು ಭಾನುವಾರ ನಾನೂ ಅಲ್ಲಿದ್ದೆ. ಶತ್ರುಗಳು ನೌಕೆಯ ಬಾಗಿಲು ಒಡೆಯುವ ಹೊತ್ತಿಗೆ ಕರೆಂಟ್ ಹೋಯಿತು. ಎಲ್ಲರೂ ನನ್ನ ಕಡೆ ತಿರುಗಿದರು. "ಮುಂದ ಹೇಳ್ರಿ ಮಾಸ್ತರ, ನೀವೇ ಬರದೀರಲ್ಲ."

ಹೇಳಿದೆ. ನನ್ನ ಪುಸ್ತಕದಲ್ಲಿ ಆ ಬಾಗಿಲ ಹತ್ತಿರ ನಾಲ್ಕು ಪುಟ ಕಾಳಗ ಇತ್ತು. ನಿಂತು, ಕೈ ಬೀಸಿ, ಮೂರನೇ ಪುಟಕ್ಕೆ ಬಂದಿದ್ದೆ, ಅಷ್ಟರಲ್ಲಿ ಕರೆಂಟ್ ಬಂತು. ಪರದೆಯ ಮೇಲೆ ಕಾಳಗವೇ ಇಲ್ಲ. ಕ್ಯಾಪ್ಟನ್ ಮತ್ತು ಶತ್ರುಗಳು ಮೇಜಿನ ಸುತ್ತ ಕೂತು ರಾಜಿ ಮಾಡಿಕೊಳ್ಳುತ್ತಿದ್ದರು. ನನ್ನ ಕೈ ಮೇಲೆಯೇ ಉಳಿಯಿತು.

ಮುಂದೆ ಕೂತಿದ್ದ ಗೌಡರು ಟೀವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಬಂದ್ ಮಾಡ್ರಿ ಅದನ್ನ," ಅಂದರು. "ಮಾಸ್ತರ್ ಹೇಳಾಕತ್ತಾರ."

ಸಮಾಧಿ

ಮೂರನೆಯ ಪುಸ್ತಕದ ಹೊತ್ತಿಗೆ ಮುಂಬಯಿಯಿಂದ ಅರ್ಧ ಸಾರಾಂಶವಷ್ಟೇ ಬಂತು. ನೌಕೆ ಕೆಂಪು ಗ್ರಹದ ಮೇಲೆ ಬೀಳುತ್ತದೆ, ಕ್ಯಾಪ್ಟನ್ ಉಸಿರಿಲ್ಲದೆ ಬಿದ್ದಿದ್ದಾನೆ, ಅಲ್ಲಿಗೆ ಕಾಗದ ಮುಗಿದಿತ್ತು. ಉಳಿದದ್ದು ಟಪಾಲಿನಲ್ಲೇ ಎಲ್ಲೋ ಸಿಕ್ಕಿಕೊಂಡಿತ್ತು. ಪ್ರೆಸ್ಸಿನವರು ಕಾಯುತ್ತಿದ್ದರು. ಉಸಿರಿಲ್ಲದವನನ್ನು ಎಷ್ಟು ದಿನ ಹಾಗೇ ಇಡುವುದು? ನಮ್ಮ ಮನೆತನದ ರೀತಿಯಲ್ಲೇ ಮಾಡಿದೆ. ನೌಕೆಯವರು ಗುಂಡಿ ತೋಡಿ, ಪದ್ಮಾಸನದಲ್ಲಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಕೊಟ್ಟರು. ವಿಭೂತಿ ನೌಕೆಯ ಡಾಕ್ಟರರ ಪೆಟ್ಟಿಗೆಯಲ್ಲಿತ್ತು.

ನಗಬೇಡಿ. ಅದೇ ವರ್ಷ ನಾನು ಅಪ್ಪನನ್ನು ಹಾಗೆ ಕೂಡಿಸಿ ಬಂದಿದ್ದೆ. ಆ ಎರಡು ಪುಟ ಅಳುತ್ತ ಬರೆದದ್ದು. ನಾನು ಬರೆದದ್ದರಲ್ಲಿ ಖರೇ ಅಂತ ನನಗೆ ಅನ್ನಿಸಿದ್ದು ಅವೆರಡೇ.

ಪುಸ್ತಕ ಬಂದು ಮೂರು ವಾರಕ್ಕೆ ಕ್ಯಾಪ್ಟನ್ ಟೀವಿಯಲ್ಲಿ ಎದ್ದು ನಿಂತು ನಕ್ಕ. ಮರುದಿನವೇ ಪ್ರಕಾಶಕರು ಬಸ್ ಹಿಡಿದು ನಮ್ಮ ಮನೆಗೆ ಬಂದರು.

"ನಾಲ್ಕನೇ ಪುಸ್ತಕದಾಗ ಎಬ್ಬಸ್ರಿ ಅವನ್ನ. ಮೂರನೇದು ತಪ್ಪಾಗಿ ಅಚ್ಚಾಗ್ಯದ ಅಂತ ಮೊದಲನೇ ಪುಟದಾಗ ಬರೀರಿ. ಇಲ್ಲಂದ್ರ ಮುಂದಿಂದು ಬ್ಯಾರೇದವರು ಬರೀತಾರ."

"ತಪ್ಪು ಅಂತ ಬರ್ಯಂಗಿಲ್ಲ. ನಮ್ಮ ಕಡಿ ಒಮ್ಮೆ ಕೂಡ್ಸಿದ ಮ್ಯಾಲ ಎಬ್ಬಸೂದಿಲ್ರಿ."

ಪ್ರಕಾಶಕರು ಚಹಾದ ಬಟ್ಟಲು ಕೆಳಗಿಟ್ಟರು. "ಅಲ್ರೀ ಮಾಸ್ತರ, ಅಂವ ತಾನೇ ಎದ್ದಾನ್ರಿ. ಇಡೀ ದೇಶ ನೋಡ್ಯದ."

ನಿಂಬರ್ಗಾ

ನಿಂಬರ್ಗಾದ ಮಠದಲ್ಲಿ ಪುರಾಣ ಹಚ್ಚುವ ಪದ್ಧತಿ ಇತ್ತು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಪುರಾಣ ಮುಗಿದ ಮೇಲೆ ಭಾನುವಾರ ಮಧ್ಯಾಹ್ನ ಅದೇ ಪದ್ಧತಿಯಲ್ಲಿ ನನ್ನ ಪುಸ್ತಕ ಓದುತ್ತಿದ್ದಾರೆ, ಸಮಾಧಿಯ ಪುಟಕ್ಕೆ ಹೆಣ್ಣುಮಕ್ಕಳು ಅತ್ತರು ಎಂದು ಸುದ್ದಿ ಬಂದಿತ್ತು. ನನ್ನ ಪರವಾಗಿ ನಿಲ್ಲುವವರು ಇವರೇ ಎಂದುಕೊಂಡು ಹೋದೆ. ಮೂರನೆಯ ಪುಸ್ತಕವನ್ನು ತಪ್ಪು ಅನ್ನಬಾರದು ಎಂದು ಮುಂಬಯಿಗೆ ಕಳಿಸಲು ಒಂದು ಅರ್ಜಿಯನ್ನೂ ಬರೆದುಕೊಂಡು ಹೋಗಿದ್ದೆ, ಎಲ್ಲರೂ ಸಹಿ ಮಾಡಿದರಾಯಿತು.

ಹೋದಾಗ ಅದೇ ಪುಟ ನಡೆದಿತ್ತು. ಒಬ್ಬರು ಓದಿದರು: "ಕ್ಯಾಪ್ಟನ್ನರನ್ನು ಕೂಡಿಸಿ ಮಣ್ಣು ಕೊಟ್ಟರು." ಅರ್ಥ ಹೇಳುವ ಅಜ್ಜ ಗಂಟಲು ಸರಿ ಮಾಡಿಕೊಂಡರು.

"ಅಂದ್ರ ಇಲ್ಲಿ ಏನ್ ತಿಳ್ಕೋಬೇಕಪಾ ಅಂದ್ರ, ಕ್ಯಾಪ್ಟನ್ರು ಜೀವಂತ ಸಮಾಧಿ ಆದ್ರು. ಉಸರು ಹಿಡದು ಒಳಗ ಕುಂತ್ರು. ಮೂರು ವಾರ ಆದ ಮ್ಯಾಲ ಟೀವಿದಾಗ ದರ್ಶನ ಕೊಟ್ರು."

ಎಲ್ಲರೂ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. "ಅಜ್ಜಾರ, ಇದನ್ನ ಬರದಾಂವ ನಾನು. ಅಂವ ಸತ್ತಾನ್ರಿ. ಸತ್ತಾನಂತನೇ ಬರದೇನಿ."

ಅಜ್ಜ ಸಿಟ್ಟಾಗಲಿಲ್ಲ. "ಬರದೀರಿ, ಖರೇ. ಬರದವರಿಗಿ ಅಷ್ಟೇ ಕಂಡಿರ್ತದ."

"ನಾನೇ ಕೂಡ್ಸೀನ್ರಿ ಅವನ್ನ."

ಆಗ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕಿ ಸಮಾಧಾನ ಮಾಡುವ ದನಿಯಲ್ಲಿ ಅಂದಳು: "ಕೂಡ್ಸಿ ಮಣ್ಣು ಮುಚ್ಚಿ ನೀ ಹೊರಗ ನಿಂತಿ ತಮ್ಮಾ. ಒಳಗ ಏನಾತಂತ ನಿನಗೇನ್ ಗೊತ್ತು?"

ನಾನು ಕೂತೆ. ಅರ್ಜಿ ಜೇಬಿನಲ್ಲೇ ಉಳಿಯಿತು. ಬಸ್ಸಿನಲ್ಲಿ ಬರುತ್ತ ಬರುತ್ತ ಹೊಳೆಯಿತು: ಅವಳು ಹೇಳಿದಂತಾದರೆ ಟೀವಿಯೂ ಖರೇ, ನನ್ನ ಎರಡು ಪುಟವೂ ಖರೇ. ಮೂರನೆಯ ಪುಸ್ತಕದ ಒಂದು ಅಕ್ಷರವನ್ನೂ ತಿದ್ದದೆ, ನಾಲ್ಕನೆಯದನ್ನು ಜೀವಂತ ಸಮಾಧಿಯಿಂದಲೇ ಶುರು ಮಾಡಿ ಕಳಿಸಿಕೊಟ್ಟೆ.

ಮುಂಬಯಿಯಿಂದ ನೇರ ನನಗೇ ಪತ್ರ ಬಂತು. ಮೂರು ವಾರ ಗಾಳಿ ಇಲ್ಲದೆ, ನೀರಿಲ್ಲದೆ ಮಣ್ಣಿನೊಳಗೆ ಕ್ಯಾಪ್ಟನ್ ಹೇಗೆ ಬದುಕಿದ, ಒಳಗೆ ಏನು ನಡೆಯಿತು, ಲೇಖಕರು ಕೂಡಲೇ ವೈಜ್ಞಾನಿಕ ವಿವರಣೆ ಕೊಡಬೇಕು ಎಂದಿತ್ತು.

ನಾನು ಪೋಸ್ಟ್ ಕಾರ್ಡಿನಲ್ಲಿ ಉತ್ತರ ಬರೆದೆ: "ಗೊತ್ತಿಲ್ಲ. ನಾನು ಹೊರಗೆ ನಿಂತಿದ್ದೆ."