ಹಾಲಸಿದ್ದಪ್ಪ ಮೇಷ್ಟ್ರ ಫ್ರೆಂಚ್ ಕಾರು

ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಭೂಗೋಳ ಹೇಳುತ್ತಿದ್ದ ಹಾಲಸಿದ್ದಪ್ಪ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ನಕ್ಷೆಯಲ್ಲಿ ಫ್ರಾನ್ಸನ್ನು ತೋರಿಸಬಲ್ಲವರಾಗಿದ್ದರು. ಆದ್ದರಿಂದ ಫ್ರೆಂಚ್ ಕಾರಿನ ವಿಷಯವೂ ತಮಗೆ ಗೊತ್ತಿದೆ ಎಂದು ನಂಬಿದ್ದರು. ಎಲ್ಲ ಫಜೀತಿಗೂ ಕಾರಣ ಇಷ್ಟೇ.

ಎಪ್ಪತ್ತನಾಲ್ಕರ ಬೇಸಿಗೆ ರಜೆ. ಸಿರುಗುಪ್ಪದ ಅಕ್ಕಿ ಗಿರಣಿಯ ಎರ್ರಣ್ಣನ ಬಳಿ ಪಾಂಡಿಚೇರಿಯಿಂದ ಬಂದ ಹಳೆಯ ಫ್ರೆಂಚ್ ಕಾರೊಂದಿದೆ, ಚೂರುಪಾರು ರಿಪೇರಿ ಮಾಡಿಸಿದರೆ ಹೊಸದರಂತಾಗುತ್ತದೆ ಎಂಬ ಸುದ್ದಿ ಬಂತು. ಎದುರು ಮನೆಯ ಗವಿಸಿದ್ದಪ್ಪ ಆಗಷ್ಟೇ ಸ್ಕೂಟರ್ ಕೊಂಡು ಕಾರಣವಿಲ್ಲದೆ ಹಾರ್ನ್ ಹೊಡೆಯುತ್ತಿದ್ದ ಕಾಲ. ಮೇಷ್ಟ್ರು ತಡ ಮಾಡಲಿಲ್ಲ. ಒಂದು ದಿನವೂ ಕೈಕೊಡದ ತಮ್ಮ ಫಟಫಟಿಯ ಮೇಲೆ ಹೆಂಡತಿ ಚನ್ನವೀರಮ್ಮನನ್ನು ಕೂರಿಸಿಕೊಂಡು ಬೆಳಿಗ್ಗೆಯೇ ಸಿರುಗುಪ್ಪಕ್ಕೆ ಹೋದರು.

ಕಾರು ಗಿರಣಿಯ ತೌಡಿನ ಗೋದಾಮಿನಲ್ಲಿ ಕಾವು ಕೂತ ಕೋಳಿಯ ಹಾಗೆ ಮುದುಡಿಕೊಂಡಿತ್ತು. ಒಂದು ಬಾಗಿಲನ್ನು ಸೆಣಬಿನ ಹುರಿಯಿಂದ ಕಟ್ಟಲಾಗಿತ್ತು. ಪೆಟ್ರೋಲಿನ ಮುಳ್ಳು ಯಾವತ್ತೋ ಸತ್ತಿತ್ತು. ಎಲ್ಲ ತೆರೆದು ನೋಡಿಕೊಳ್ಳಿ ಎಂದು ಎರ್ರಣ್ಣನೇ ಹೇಳಿದ. ಮೇಷ್ಟ್ರು ಟೈರಿಗೆ ಎರಡು ಸಲ ಒದ್ದು, ಹಾರ್ನ್ ಒತ್ತಿ, ಫ್ರಾನ್ಸಿನ ನದಿಗಳ ಹೆಸರು ಹೇಳಿದರು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಫಟಫಟಿ ಎರ್ರಣ್ಣನದಾಯಿತು, ಕಾರು ಮೇಷ್ಟ್ರದಾಯಿತು.

ಕುರುಗೋಡಿನ ಬಸವೇಶ್ವರನಿಗೆ ಕಾಯಿ ಒಡೆಸಿಕೊಂಡೇ ಗಾಡಿ ಮನೆಗೆ ಹೋಗಬೇಕೆಂದು ಚನ್ನವೀರಮ್ಮ ಹಟ ಹಿಡಿದದ್ದರಿಂದ ಸಿರಿಗೇರಿಯ ದಾರಿ ಹಿಡಿದು ಹೊರಟರು. ಕುರುಗೋಡಿನ ಬಸ್ ನಿಲ್ದಾಣದ ಎದುರು, ಊರೆಲ್ಲ ನೋಡುವಂಥ ಜಾಗದಲ್ಲೇ, ಕಾರು ಕೆಮ್ಮಿ ನಿಂತಿತು.

ಹೋಟೆಲಿನ ಸುಂಕಪ್ಪ ಬಾಣಲೆಯಲ್ಲಿ ಮಿರ್ಚಿ ಬಿಟ್ಟು ಓಡಿ ಬಂದ. ಮಿರ್ಚಿಗೆ ಕಾದಿದ್ದವರೂ ಅವನ ಹಿಂದೆ ಬಂದರು. ಮೇಷ್ಟ್ರು ಆಪರೇಷನ್ ಮಾಡುವ ಡಾಕ್ಟರರ ಗತ್ತಿನಲ್ಲಿ ಮುಂದಿನ ಮುಚ್ಚಳ ಎತ್ತಿದರು. ಒಳಗೆ ಒಂದು ಸವೆದ ಟೈರು, ಒಂದು ಗೋಣಿಚೀಲ, ಮತ್ತು ಬೇಕಾದಷ್ಟು ಖಾಲಿ ಜಾಗ.

"ಎಂಜಿನ್ನ ಇಲ್ಲಲ್ರೀ ಇದಕ್ಕ," ಎಂದ ಸುಂಕಪ್ಪ.

ಹಾಗಾದರೆ ಇಲ್ಲಿಯ ತನಕ ಹೇಗೆ ಬಂತು ಎಂಬ ಚರ್ಚೆ ಎದ್ದಿತು. ಇಳಿಜಾರಿನಲ್ಲಿ ಉರುಳಿಕೊಂಡು ಬಂದಿರಬೇಕು ಎಂದರು ಕೆಲವರು. ಎಂಜಿನ್ನು ದಾರಿಯಲ್ಲಿ ಕಳಚಿ ಬಿದ್ದಿದೆ, ಬಿದ್ದದ್ದಕ್ಕೇ ಗಾಡಿ ನಿಂತಿದೆ ಎಂದ ಒಬ್ಬ. ಈ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು, ಮೇಷ್ಟ್ರಿಗಂತೂ ಬಹಳ. ಹಳೆಯ ಫ್ರೆಂಚ್ ಕಾರುಗಳಲ್ಲಿ ಇದೆಲ್ಲ ಮಾಮೂಲು ಎಂದೂ ಅವರು ತಿಳಿಸಿದರು. ಅಷ್ಟು ದೊಡ್ಡ ಕಬ್ಬಿಣ ಬಿದ್ದರೆ ಸಪ್ಪಳ ಕೇಳಬೇಕಲ್ಲ ಎಂದ ಚನ್ನವೀರಮ್ಮನಿಗೆ, ತಿಳಿಯದ ವಿಷಯದಲ್ಲಿ ಬಾಯಿ ಹಾಕಬೇಡ ಎಂದು ಹೇಳಿ, ಆಕೆಯನ್ನು ಕಾರಿನಲ್ಲೇ ಕೂರಿಸಿ, ಸಿರುಗುಪ್ಪದ ಬಸ್ ಹತ್ತಿದರು.

ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿಯುದ್ದಕ್ಕೂ ಎಂಜಿನ್ ಹುಡುಕಿದರು. ಸಿರಿಗೇರಿಯ ಹತ್ತಿರ ರಸ್ತೆ ಬದಿಯಲ್ಲಿ ಏನೋ ಕರ್ರಗೆ ಬಿದ್ದದ್ದು ಕಂಡು ಬಸ್ಸನ್ನೇ ನಿಲ್ಲಿಸಿದರು. ಅದು ಎದ್ದು ಬಾಲ ಬೀಸುತ್ತ ಹೋಯಿತು. ಕಂಡಕ್ಟರ್ ಅಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಗಿರಣಿಯ ನಾಲ್ಕು ಮಂದಿಯ ಎದುರಿಗೇ ಮೇಷ್ಟ್ರು ಎರ್ರಣ್ಣನನ್ನು ಹಿಡಿದರು.

"ಎಂಜಿನ್ ಎಲ್ಲೈತಿ, ಎರ್ರಣ್ಣ?"

"ಹಿಂದೈತಲ್ರೀ."

"ನಾನೂ ಅದನ್ನ ಹೇಳಾಕತ್ತೀನಿ. ಹಿಂದ ಎಲ್ಲೋ ಬಿದ್ದೈತಿ. ದಾರಿ ತುಂಬ ನೋಡ್ಕೊಂತ ಬಂದೆ, ಸಿಗಲಿಲ್ಲ."

ಎರ್ರಣ್ಣ ಬಂದ ನಗೆಯನ್ನು ಎಲೆ ಅಡಿಕೆಯ ಜೊತೆ ನುಂಗಿಕೊಂಡ. ಆಮೇಲೆ ದೊಡ್ಡ ನಿಟ್ಟುಸಿರು ಬಿಟ್ಟು, ತಪ್ಪು ತನ್ನದೇ, ಮೇಷ್ಟ್ರಂಥವರಿಗೆ ಮೋಸವಾಗಬಾರದು, ಇವತ್ತೇ ಬಂದು ಕಾರನ್ನು ಇದ್ದ ಹಾಗೆಯೇ ವಾಪಸ್ಸು ಪಡೆಯುತ್ತೇನೆ ಎಂದ. ಫಟಫಟಿಯನ್ನು ಮಾತ್ರ ಅಳಿಯನಿಗೆ ಕೊಟ್ಟಾಗಿದೆ, ಅದರ ಬದಲಿಗೆ ಒಂದು ಸೈಕಲ್ಲಿದೆ. ಅವನು ಮನಸ್ಸು ಬದಲಿಸುವ ಮುಂಚೆಯೇ ಮೇಷ್ಟ್ರು ಕೈ ಮೇಲೆ ಕೈ ಹಾಕಿ ಮಾತು ಮುಗಿಸಿದರು. ಸೈಕಲ್ಲನ್ನು ಬಸ್ಸಿನ ನೆತ್ತಿಗೆ ಏರಿಸಿ, ಎಂಜಿನ್ನಿಲ್ಲದ ಕಾರನ್ನು ಗಿರಣಿ ಸಾಹುಕಾರನಿಗೇ ಕಟ್ಟಿದ ಜಾಣ ಜಿಲ್ಲೆಯಲ್ಲಿ ಬೇರೆ ಯಾರಿದ್ದಾರೆ ಎಂದು ಬೀಗುತ್ತ ಕುರುಗೋಡಿಗೆ ಬಂದಿಳಿದರು.

ಅಲ್ಲಿ ಕಾರೂ ಇರಲಿಲ್ಲ, ಚನ್ನವೀರಮ್ಮನೂ ಇರಲಿಲ್ಲ.

"ಅಮ್ಮಾರು ಬಳ್ಳಾರಿಗೆ ಹೋದ್ರಲ್ರೀ," ಎಂದ ಸುಂಕಪ್ಪ. "ಬುತ್ತಿ ಗಂಟು ಇಡಾಕಂತ ಹಿಂದಿನ ಮುಚ್ಚಳ ತೆಗೆದ್ರ ಎಂಜಿನ್ನು ಅಲ್ಲೇ ಕುಂತೈತಿ. ಪೆಟ್ರೋಲ್ ತೀರಿತ್ತಂತ, ಅಷ್ಟ. ನಮ್ಮ ತಮ್ಮ ಟ್ಯಾಕ್ಸಿ ಹೊಡಿತಾನ, ಅವನೇ ಪೆಟ್ರೋಲ್ ಹಾಕಿ ನಡೆಸ್ಕೊಂಡು ಹೋದ. ಹೂವಿನಂಗ ಹೋತ್ರೀ ಗಾಡಿ."

  ಎರ್ರಣ್ಣ ಬರುವುದರೊಳಗೆ ಏನಾದರೂ ಮಾಡಬೇಕೆಂದು ಹೊಳೆದದ್ದೇ ಮೇಷ್ಟ್ರು ಸೈಕಲ್ ಹತ್ತಿ ಬಳ್ಳಾರಿಯ ಕಡೆಗೆ ತುಳಿದರು. ಊರು ಇನ್ನೂ ದೂರವಿದ್ದಾಗ ಬೆನ್ನ ಹಿಂದೆ ಪರಿಚಯದ ಸಪ್ಪಳ ಕೇಳಿಸಿತು. ಅವರದೇ ಫಟಫಟಿ. ಅಳಿಯ ಓಡಿಸುತ್ತಿದ್ದ, ಹಿಂದೆ ಕೂತ ಎರ್ರಣ್ಣ ವಿನಯದಿಂದ ಕೈ ಮುಗಿದು ಮುಂದೆ ಹೋದ.

ಮೇಷ್ಟ್ರು ಬೆವರಿನಲ್ಲಿ ತೊಯ್ದು ಬೀದಿಗೆ ಬಂದಾಗ ಕೇರಿಯೇ ಅಲ್ಲಿ ನೆರೆದಿತ್ತು. ಚನ್ನವೀರಮ್ಮ ಕಾರನ್ನು ತೊಳೆದು, ವಿಭೂತಿ ಹಚ್ಚಿ, ಮಲ್ಲಿಗೆ ಹಾರ ಹಾಕಿದ್ದಳು. ಇಂಥ ಗಾಡಿ ಬಳ್ಳಾರಿಯಲ್ಲೇ ಇಲ್ಲ ಎಂದು ಗವಿಸಿದ್ದಪ್ಪ ತಾನಾಗಿಯೇ ಒಪ್ಪಿಕೊಂಡಿದ್ದ. ಎರ್ರಣ್ಣ ಆಕೆ ಕೊಟ್ಟ ಚಹಾ ಕುಡಿದು ಮುಗಿಸಿ, ನಾಲ್ಕು ಮಂದಿ ಮುಂದೆ ಆದ ಮಾತನ್ನು ಮೇಷ್ಟ್ರಿಗೆ ನೆನಪಿಸಿ, ಕೀ ಇಸಿದುಕೊಂಡ. ಕಾರು ಹಾರದ ಸಮೇತ ಹೋಯಿತು. ಫಟಫಟಿ ಅದರ ಹಿಂದೆ ಹೋಯಿತು.

ಚನ್ನವೀರಮ್ಮ ಗೋಡೆಗೆ ಒರಗಿದ್ದ ಸೈಕಲ್ಲನ್ನು ನೋಡಿದಳು.

"ಇದು ಯಾರದ್ರೀ?"

"ನಮ್ದ," ಎಂದರು ಮೇಷ್ಟ್ರು.

ಆಕೆ ಅದರ ಸುತ್ತ ಒಂದು ಸುತ್ತು ಬಂದು, ಮೆಲ್ಲಗೆ ಕೇಳಿದಳು:

"ಇದಕ್ಕ ಕ್ಯಾರಿಯರ್ ಇಲ್ಲಲ್ರೀ. ನಾನೆಲ್ಲಿ ಕುಂದ್ರಲಿ?"

ಮೇಷ್ಟ್ರು ಅದನ್ನೂ ನೋಡಿರಲಿಲ್ಲ.