ಬಸಣ್ಣನ ಪಕ್ಕದ ಕುರ್ಚಿ

ಹಾಡುವ ಗಂಟಲಿಗೆ ಮುಪ್ಪಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಮುಪ್ಪು ಬರುವುದೇನಿದ್ದರೂ ಮೊಣಕಾಲಿಗೆ, ಕಣ್ಣಿಗೆ, ಹಲ್ಲಿಗೆ. ನನಗೆ ಮೂರಕ್ಕೂ ಬಂದಿತ್ತು. ಆದರೆ ಗಂಟಲು ಮಾತ್ರ ಹೊಸ ಹುಡುಗನದು! ಚನ್ನಗಿರಿಯಿಂದ ಹೊನ್ನಾಳಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ಊರೂರಿನ ಹೆಸರು ಕೂಗಿ ಪಳಗಿದ ಗಂಟಲು ಅದು.

ನನ್ನ ಹವ್ಯಾಸ ಭಜನೆ. ಅದರಲ್ಲೂ ಸಾವಿನ ಮನೆಯ ಭಜನೆ. ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಸೂಳೆಕೆರೆಗೆ ಹೋಗಿ ಗಾಳ ಹಾಕಿ ಕೂರುತ್ತಾರೆ. ನಾನು, ಕೆರೆಬಿಳಚಿ ಸುತ್ತಮುತ್ತ ಯಾರಾದರೂ ತೀರಿಕೊಂಡರೆ, ಅವರ ಮುಂದೆ ಕೂತು ಹೆಣ ಎತ್ತುವವರೆಗೂ ತತ್ವಪದ ಹಾಡುತ್ತೇನೆ. ಇದೂ ಒಂದು ಹವ್ಯಾಸವೇ ಎಂದು ಜನ ನಗುತ್ತಾರೆ. ಅವರವರ ಮನೆಗೆ ಸಾವು ಬಂದಾಗ ಮಾತ್ರ ನನ್ನ ಬಾಗಿಲಿಗೆ ಓಡಿಬರುತ್ತಾರೆ.

ನನ್ನ ಜೊತೆಗಾರ ಬಸಣ್ಣ. ನಾನು ಹಾಡಬೇಕು, ಅವನು ದಮ್ಮಡಿ ಬಾರಿಸಬೇಕು. ಮೀಸೆ ಮೂಡುವ ಮೊದಲಿಂದಲೂ ಇದೇ ನಮ್ಮ ಸಂಸಾರ. ನಮ್ಮಿಬ್ಬರಲ್ಲಿ ಒಂದು ಮಾತಾಗಿತ್ತು. ಅವನು ಮೊದಲು ಹೋದರೆ, ನಮ್ಮ ಗುರುಗಳು ಹೇಳಿಕೊಟ್ಟ ದೊಡ್ಡ ಪದವನ್ನು ನಾನು ಅವನ ಮುಂದೆ ಒಂದು ನುಡಿಯನ್ನೂ ಬಿಡದೆ ಹಾಡಿ ಮುಗಿಸಬೇಕು.

"ನಾನೇ ಮೊದ್ಲು ಹೋದ್ರೆ?" ಎಂದು ಕೇಳಿದ್ದೆ.

"ಹೋದ್ರೆ ಬರೀ ದಮ್ಮಡಿ ಬಾರಿಸ್ತೀನಿ ಕಣೋ. ನನ್ನ ದನಿ ಕೇಳಿದ್ರೆ ನೀನು ಎದ್ದು ಓಡಿಹೋಗ್ತೀಯ" ಎಂದಿದ್ದ.

ವಯಸ್ಸಾದಂತೆ ಹವ್ಯಾಸವನ್ನು ಬಿಡಬಾರದು, ಹೊಂದಿಸಿಕೊಳ್ಳಬೇಕು ಎಂಬುದು ನನ್ನ ಘನವಾದ ಸಿದ್ಧಾಂತ. ಮೊಣಕಾಲು ಮಡಚಲು ಒಪ್ಪದಾದಾಗ ಕುರ್ಚಿ ತರಿಸಿದೆ. ಉಳಿದವರೆಲ್ಲ ನೆಲದ ಮೇಲೆ, ನಾನೊಬ್ಬ ಎತ್ತರದಲ್ಲಿ!

"ಏನಲೇ ರುದ್ರಣ್ಣ, ಭಜನೆ ಮಾಡಾಕೆ ಬಂದೀಯೋ, ಸಭೆಗೆ ಅಧ್ಯಕ್ಷ ಆಗಾಕೆ ಬಂದೀಯೋ?" ಎಂದು ಬಸಣ್ಣ ಎಲ್ಲರೆದುರಿಗೇ ಕೇಳಿದ.

ಆಮೇಲೆ ಹಲ್ಲು ಹೋದವು. ಸೆಟ್ಟು ಕಟ್ಟಿಸಿಕೊಂಡೆ. ನ್ಯಾಮತಿಯ ಒಂದು ಸಾವಿನ ಮನೆಯಲ್ಲಿ ನಾನು ಮೇಲಿನ ಸ್ವರಕ್ಕೆ ಹೋದಾಗ ಆ ಸೆಟ್ಟು ನನಗಿಂತ ಮುಂದೆ ಹೋಗಿ, ಸತ್ತವರ ಪಾದದ ಹೂವಿನಲ್ಲಿ ಬಿತ್ತು. ಬಸಣ್ಣ ತಾಳ ತಪ್ಪಿಸದೆ ಮುಂದಕ್ಕೆ ಬಾಗಿ ಅದರ ಮೇಲೆ ದಮ್ಮಡಿ ಮುಚ್ಚಿ, ಹೂವಿನ ಸಮೇತ ಎತ್ತಿಕೊಂಡು ನನ್ನ ಜೇಬಿಗೆ ಇಳಿಸಿದ. ಯಾರೂ ನೋಡಲಿಲ್ಲ. ಅಂದಿನಿಂದ ಹಾಡುವ ಮೊದಲೇ ಹಲ್ಲು ಜೇಬಿನಲ್ಲಿ! ಎಲ್ಲವೂ ಹೊಂದಿಕೊಂಡಿತು ಎಂದು ನೆಮ್ಮದಿಯಾಗಿದ್ದೆ.

ಅಷ್ಟರಲ್ಲಿ ಬಸಣ್ಣ ಹೋದ. ನಸುಕಿನಲ್ಲಿ ಎದ್ದು ನೀರು ಕೇಳಿದನಂತೆ, ತರುವಷ್ಟರಲ್ಲಿ ಮುಗಿದಿತ್ತು. ಸುದ್ದಿ ಕೇಳಿ ನಾನು ಅಂಗಿಯ ಗುಂಡಿ ಹಾಕಲಾರದೆ ನಿಂತಿದ್ದೆ. ಹೆಂಡತಿ ಗಿರಿಜಾ ಬಂದು ಹಾಕಿದಳು, ಬೆಳಗಿನ ಮಾತ್ರೆಯನ್ನೂ ಕೈಗಿಟ್ಟಳು.

"ಇದು ತಗಂಡ್ರೆ ನಿದ್ದೆ ಬರ್ತೈತೆ ಕಣೇ. ಇವತ್ತು ದೊಡ್ಡ ಪದ ಹಾಡಬೇಕು."

"ಸುಮ್ನೆ ತಗಳ್ರಿ. ತಗಳ್ದಿದ್ರೆ ಅಲ್ಲಿ ಇನ್ನೊಂದು ಕುರ್ಚಿ ಹಾಕ್ಬೇಕಾಗ್ತೈತೆ!"

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಬಸಣ್ಣನನ್ನೂ ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸಿ, ಬಿಳಿ ಅಂಗಿ ತೊಡಿಸಿ, ಹಣೆ ತುಂಬ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿದ್ದರು. ನನ್ನ ಕುರ್ಚಿಯನ್ನು ಅವನ ಪಕ್ಕದಲ್ಲೇ ಹಾಕಿಸಿಕೊಂಡೆ. ನನ್ನದೂ ಬಿಳಿ ಅಂಗಿ, ನನ್ನ ಹಣೆಗೂ ವಿಭೂತಿ, ನನ್ನ ತಲೆಗೂ ರುಮಾಲು. ಇದರಲ್ಲಿ ಅಪಾಯವಿದೆ ಎಂದು ನನಗೆ ಹೊಳೆಯಲೇ ಇಲ್ಲ!

ಬೆಳಗ್ಗೆಲ್ಲ ಸಣ್ಣಪುಟ್ಟ ಪದಗಳನ್ನು ಹಾಡಿದೆವು. ದೊಡ್ಡ ಪದವನ್ನು ಬಸಣ್ಣನ ಅಕ್ಕ ಗಂಗಕ್ಕ ಬಂದ ಮೇಲೆ ಹಾಡುವುದೆಂದಾಯಿತು. ಅವಳು ಜಗಳೂರಿನ ಕಡೆಯಿಂದ ಬರಬೇಕಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಭಜನೆಯವರು ಟೀ ಕುಡಿಯಲು ಪಕ್ಕದ ಮನೆಗೆ ಹೋದರು. ಬಸಣ್ಣನನ್ನು ಒಬ್ಬನನ್ನೇ ಬಿಡಲು ನನಗೆ ಮನಸ್ಸಾಗಲಿಲ್ಲ. ಗೋಡೆಗೆ ತಲೆ ಆನಿಸಿದೆ. ಮಾತ್ರೆ ತನ್ನ ಕೆಲಸ ಮಾಡಿತು.

ಕೊರಳಿಗೆ ತಣ್ಣಗೆ ಏನೋ ಬಿದ್ದಾಗ ಎಚ್ಚರವಾಯಿತು.

"ಅಯ್ಯೋ ನನ್ನ ತಮ್ಮಾ! ಹೆಂಗೆ ಸೊರಗಿ ಹೋಗೀಯಪ್ಪಾ! ಕೆನ್ನೆ ಎಲ್ಲಾ ಒಳಗೆ ಹೋಗ್ಯಾವಲ್ಲೋ!"

ಗಂಗಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಕೈಹಿಡಿದು ಕರೆತಂದವರು ಚಪ್ಪಲಿ ಬಿಡುತ್ತಿದ್ದಾಗ ಅವಳೊಬ್ಬಳೇ ನುಗ್ಗಿ ಬಂದು ನನ್ನ ಕೊರಳಿಗೆ ಸುಗಂಧರಾಜದ ಹಾರ ಹಾಕಿದ್ದಳು. ಈಗ ನನ್ನ ಗಲ್ಲ ಹಿಡಿದು, ಎದೆ ಬಡಿದುಕೊಂಡು ಅಳುತ್ತಿದ್ದಳು. ಸುಮ್ಮನಿದ್ದಿದ್ದರೆ ಯಾರಾದರೂ ಬಂದು ಬಿಡಿಸುತ್ತಿದ್ದರು. ಆದರೆ ನಾನು ಸಭ್ಯಸ್ಥ!

"ಅಕ್ಕಾ, ನಾನಲ್ಲ, ಆ ಕಡೆ..." ಎಂದೆ. ಹಲ್ಲಿಲ್ಲದ ಬಾಯಿ. ಅವಳಿಗೆ ಕೇಳಿದ್ದು ಬರೀ ಉಸಿರು.

"ಜೀವ ಐತೆ!" ಗಂಗಕ್ಕ ಕಿರುಚಿದಳು. "ಯಾರಾದ್ರೂ ಬರ್ರೋ! ನನ್ನ ತಮ್ಮಗೆ ಜೀವ ಐತ್ರೋ!"

ಅಂಗಳದಲ್ಲಿದ್ದವರು ಎದ್ದರು. ಟೀ ಕುಡಿಯುತ್ತಿದ್ದವರು ಲೋಟದ ಸಮೇತ ಓಡಿ ಬಂದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿ ಎಂದರು. ಎಲ್ಲರಿಗಿಂತ ಮೊದಲು ಒಳಗಿನಿಂದ ಬಸಣ್ಣನ ಹೆಂಡತಿ ಶಾಂತಮ್ಮ ಓಡಿಬಂದಳು. ಕೂದಲು ಬಿಚ್ಚಿತ್ತು. ಮುಖದ ತುಂಬ ಆಸೆ.

ಅವಳು ಮೊದಲು ಗಂಡನ ಕುರ್ಚಿ ನೋಡಿದಳು. ಆಮೇಲೆ ನನ್ನ ಕುರ್ಚಿ ನೋಡಿದಳು. ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತಳು.

ಅವಳ ಗಂಡ ಒಂದೇ ದಿನ ಎರಡು ಸಲ ಸತ್ತ. ಎರಡನೆಯದು ನನ್ನಿಂದ. ನೆಲ ಬಾಯಿಬಿಟ್ಟರೆ ಕುರ್ಚಿ ಸಮೇತ ಇಳಿದುಹೋಗೋಣ ಎನಿಸಿತು.

ಗಂಗಕ್ಕನಿಗೆ ವಿಷಯ ತಿಳಿಸಿದಾಗ ಅವಳ ದುಃಖವೆಲ್ಲ ಸಿಟ್ಟಾಯಿತು. "ಹೆಣದ ಪಕ್ಕ ಹೆಣದಂಗೆ ಕೂತ್ರೆ ನಾನೇನಪ್ಪಾ ಮಾಡ್ಲಿ? ಬದುಕಿರೋನು ಬದುಕಿರೋನಂಗೆ ಕೂರಬಾರ್ದಾ?" ಎಂದು ಬೈದಳು. ಯಾರೂ ನಗಲಿಲ್ಲ. ನಗುವವನು ಒಬ್ಬನಿದ್ದ, ಪಕ್ಕದಲ್ಲಿ ಸುಮ್ಮನೆ ಕೂತಿದ್ದ.

ಬಹಳ ಹೊತ್ತಾದ ಮೇಲೆ ಶಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಅಣ್ಣಾ, ಅಕ್ಕ ಬಂದ್ರಲ್ಲ. ಹಾಡ್ರಿ. ಅವ್ರು ಕಾಯ್ತಿದಾರೆ" ಎಂದಳು.

ಹಾಡಿದೆ. ಮೊದಲ ನುಡಿ ಚೆನ್ನಾಗಿಯೇ ಬಂತು. ಎರಡನೆಯ ನುಡಿಯ ಉದ್ದನೆಯ ಸಾಲಿಗೆ ಬಂದಾಗ ನಡುವೆಯೇ ಉಸಿರು ಕಡಿಯಿತು. ಪದ ನಿಂತಿತು. ದಮ್ಮಡಿ ಹಿಡಿದಿದ್ದ ಹೊಸಬ ನಾನು ಮುಂದುವರಿಸಲಿ ಎಂದು ಬಹಳ ಮರ್ಯಾದೆಯಿಂದ ಕಾಯುತ್ತಿದ್ದ.

ಆಗ ತಿಳಿಯಿತು. ಅದೇ ಜಾಗದಲ್ಲಿ ಬಸಣ್ಣ ಯಾವಾಗಲೂ ದಮ್ಮಡಿಯನ್ನು ಜೋರಾಗಿ ಒಂದು ಸುತ್ತು ತಾನೊಬ್ಬನೇ ಬಾರಿಸುತ್ತಿದ್ದ. ಜನ ತಲೆದೂಗುತ್ತಿದ್ದರು. ನನ್ನ ಹಾಡಿನ ನಡುವೆ ಇವನದೇನು ಮೆರೆದಾಟ ಎಂದು ನಾನು ಒಳಗೊಳಗೇ ಉರಿದುಕೊಂಡದ್ದೂ ಉಂಟು. ಆ ಮರೆಯಲ್ಲಿ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ನನ್ನ ಗಂಟಲಿಗೆ ಮುಪ್ಪು ಬಂದು ವರ್ಷಗಳೇ ಆಗಿದ್ದವು. ಅವನು ಅದನ್ನು ಊರಿಗೆ ತಿಳಿಯಗೊಡಲಿಲ್ಲ. ನನಗೂ ತಿಳಿಯಗೊಡಲಿಲ್ಲ.

ಪದ ಅರ್ಧಕ್ಕೇ ನಿಂತಿತು. ಹೊತ್ತಾಯಿತು ಎಂದು ಹೆಣ ಎತ್ತಿದರು. ಮಣ್ಣು ಮಾಡುವ ಹೊಲದವರೆಗೆ ನಡೆಯಲು ನನ್ನ ಮೊಣಕಾಲು ಒಪ್ಪಲಿಲ್ಲ. ಖಾಲಿಯಾದ ಕುರ್ಚಿಯ ಪಕ್ಕ ಸ್ವಲ್ಪ ಹೊತ್ತು ಕೂತು, ಕೋಲು ಊರಿಕೊಂಡು ಮನೆಗೆ ಹೊರಟೆ. ದಾರಿಯಲ್ಲಿ ಎದುರಾದವರೆಲ್ಲ ಪಕ್ಕಕ್ಕೆ ಸರಿದು ನಿಂತರು. ನನ್ನ ದುಃಖಕ್ಕೆ ಎಷ್ಟು ಗೌರವ ಕೊಡುತ್ತಿದ್ದಾರೆ ಎಂದುಕೊಂಡೆ.

ಗಿರಿಜಾ ಬಾಗಿಲಲ್ಲಿ ಸ್ನಾನದ ನೀರಿಟ್ಟುಕೊಂಡು ಕಾಯುತ್ತಿದ್ದಳು. ನನ್ನನ್ನು ನೋಡಿ ಅವಳ ಕೈಯಿಂದ ಚೊಂಬು ಬಿತ್ತು.

"ರೀ, ಕೊರಳಾಗಿರೋ ಹಾರ ಯಾರ್ದು?"

ಯಾರೂ ತೆಗೆದಿರಲಿಲ್ಲ, ನನಗೂ ನೆನಪಿರಲಿಲ್ಲ. ಹೆಣದ ಹಾರ ಹಾಕಿಕೊಂಡೇ ಹಾಡಿ, ಹಾಕಿಕೊಂಡೇ ಊರ ನಡುವೆ ನಡೆದು ಬಂದಿದ್ದೆ! ಗಿರಿಜಾ ಬೈಯಲಿಲ್ಲ. ಹಾರ ತೆಗೆದು, ತಲೆಯ ಮೇಲೆ ನೀರು ಹುಯ್ಯುತ್ತಾ ಹುಯ್ಯುತ್ತಾ ಅಳುತ್ತಿದ್ದಳು.

ಹವ್ಯಾಸ ಬಿಟ್ಟಿಲ್ಲ. ಈಗಲೂ ಕರೆಯುತ್ತಾರೆ. ನನ್ನ ಕುರ್ಚಿಯನ್ನು ಮಾತ್ರ ದೂರ, ಅಂಗಳದ ಮೂಲೆಯಲ್ಲಿ ಹಾಕಿರುತ್ತಾರೆ. ಬಾಗಿಲಲ್ಲಿ ಒಬ್ಬರು ನಿಂತು, "ಹಾರ ತಂದೋರು ಜಗಲಿ ಕಡೆ ಹೋಗ್ರಿ. ಮೂಲೇಲಿ ಕೂತೋರು ಇನ್ನೂ ಇದಾರೆ" ಎಂದು ಬಂದವರಿಗೆಲ್ಲ ಹೇಳುತ್ತಿರುತ್ತಾರೆ.

ಉಸಿರು ಕಡಿಯುವ ಜಾಗ ಬಂದಾಗ ನಾನೀಗ ಕೆಮ್ಮುತ್ತೇನೆ. ಬಸಣ್ಣನಷ್ಟು ಚೆನ್ನಾಗಿ ಮುಚ್ಚಿಡಲು ಬರುವುದಿಲ್ಲ.