ರಫೀಕನ ಲಾರಿ ರಾರಾವಿ ಮುಟ್ಟಿದ್ದು

ಗಂಡಸಿಗೆ ಯಾವ್ಯಾವ ಅವಮಾನ ಆಗಬಹುದು ಎಂಬುದರ ಪಟ್ಟಿಯೊಂದನ್ನು ರಫೀಕ್ ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದ. ಮೊದಲನೆಯದು, ತಾನು ಎರಡು ವರ್ಷ ಕಣ್ಣು ಕೆಡಿಸಿಕೊಂಡು ಕಟ್ಟಿದ ಕಂಪ್ಯೂಟರ್ ಆಟವನ್ನು ಇಡೀ ಬಳ್ಳಾರಿಯಲ್ಲಿ ಒಬ್ಬನೇ ಒಬ್ಬನೂ ಕೊನೆತನಕ ಆಡದೇ ಇರುವುದು. ಎರಡನೆಯದು, ಆ ಸಂಗತಿಯನ್ನು ಹೆಂಡತಿ ದಿನಕ್ಕೆ ಎರಡು ಸಲ, ಸರಿಯಾಗಿ ತಾಟಿನ ಮುಂದೆ ಕೂತಾಗ, ನೆನಪು ಮಾಡುವುದು. ಮೂರನೆಯದನ್ನು ಅವನಿನ್ನೂ ಸೇರಿಸಿರಲಿಲ್ಲ, ಅದು ಆಗುವುದಿತ್ತು.

ಆಟದ ಹೆಸರು ‘ಲಾರಿ ಮನಿಗಿ’. ಸಂಡೂರು ಗುಡ್ಡದಲ್ಲಿ ಅದಿರು ಗಾಡಿ ಓಡಿಸುವ ಡ್ರೈವರ್ ಒಬ್ಬ ಖಾಲಿ ಲಾರಿ ತೆಗೆದುಕೊಂಡು ಊರಿಗೆ ಹೊರಡುತ್ತಾನೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ದಾಟಿ ಹೊಳೆದಂಡೆಯ ರಾರಾವಿ ಮುಟ್ಟಬೇಕು. ಒಟ್ಟು ಹದಿನೈದು ಹಂತ. ದಾರಿಯುದ್ದಕ್ಕೂ ಗುಂಡಿ, ಕೆಂಪು ಧೂಳು, ಭತ್ತ ಹೇರಿದ ಟ್ರ್ಯಾಕ್ಟರು, ಕುರಿ ಹಿಂಡು. (ಗುಂಡಿಗಳೇನೂ ರಫೀಕನ ಕಲ್ಪನೆಯಲ್ಲ. ಪುಣ್ಯಾತ್ಮ ಸೈಕಲ್ ಮೇಲೆ ಹೋಗಿ ಒಂದೊಂದನ್ನೂ ಎಣಿಸಿ ಬಂದಿದ್ದ.) ಕೊನೆಯ ಹಂತದಲ್ಲಿ ರಾರಾವಿಯ ಅವನದೇ ಹಳೇ ಮನೆ, ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತ ಒಬ್ಬ ಹೆಂಗಸು, ಹಿಂದೆ ಜೋರಾಗಿ ಬ್ಯಾಂಡು. ಬ್ಯಾಂಡಿನ ಸದ್ದು ಅವನ ಸ್ವಂತ ಮದುವೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು. ಆ ಹೆಂಗಸು ಯಾರು ಎಂದು ಹೆಂಡತಿಗೆ ಅವನು ಹೇಳಿರಲಿಲ್ಲ. ಯಾರಾದರೂ ಆಡಿ ಗೆದ್ದು, ಬಂದು ಅವಳಿಗೆ ಹೇಳಬೇಕು, ಆಗ ಅವಳ ಮುಖ ನೋಡಬೇಕು ಎನ್ನುವುದು ಅವನ ಜೀವಮಾನದ ಆಸೆಯಾಗಿತ್ತು.

ಹೆಂಡತಿ ನಿಶಾತ್ ಕೌಲ್ ಬಜಾರಿನ ತಮ್ಮ ಮನೆಯ ತಗಡಿನ ಸೂರಿನ ಕೆಳಗೆ ಕೂತು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಪೀಸಿಗೆ ಇಷ್ಟು ಎಂದು ಲೆಕ್ಕ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಮಾರ್ಚ್ ಬಂತೆಂದರೆ ತಗಡು ಕಾದು, ಹೊಲಿಗೆ ಯಂತ್ರ ಮುಟ್ಟಿದರೆ ಚುರ್ ಎನ್ನುತ್ತಿತ್ತು. ಒಂದು ದಿನ ಅವಳು ಪ್ಯಾಂಟು ಬದಿಗೆಸೆದು ಎದ್ದು ನಿಂತಳು.

“ನೋಡ್ರಿ, ಒಂದ ಮಾತು ಹೇಳ್ತೀನಿ. ಮೇ ತಿಂಗಳು ಮುಗಿಯೋದ್ರಾಗ ಯಾರರ ಒಬ್ರು, ಒಬ್ರಂದ್ರ ಒಬ್ಬರ, ನಿಮ್ಮ ಆಟ ಕೊನೀತನಕ ಆಡಬೇಕು. ಇಲ್ಲಾಂದ್ರ ಆ ಕಂಪ್ಯೂಟರ್ ಮಾರಿ ಒಂದು ಕೂಲರ್ ತರ್ರಿ.”

“ಏ, ಕಂಪ್ಯೂಟರ್ ಮಾರಿದ್ರ ಆಟ ಹೆಂಗ ಮಾಡ್ಲಿ?”

“ಅದಕ್ಕ ಮಾರ್ರಿ ಅನ್ನಾಕ ಹತ್ತೀನಿ.”

ರಫೀಕ್ ಎದೆ ತಟ್ಟಿ ಒಪ್ಪಿಕೊಂಡ. ಯಾಕೆಂದರೆ ಅವನ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು. ಅದರ ಹೆಸರು ಉಚ್ಚೆಂಗೆಪ್ಪ.

ಉಚ್ಚೆಂಗೆಪ್ಪ ಕುರುಗೋಡಿನವನು, ರಾತ್ರಿಯಿಡೀ ಅದಿರು ಲಾರಿ ಓಡಿಸುತ್ತಿದ್ದ, ಹಗಲು ಬಂದು ದುಡ್ಡು ಕೊಟ್ಟು ಲಾರಿ ಆಟ ಆಡುತ್ತಿದ್ದ. (ಇಂಥವರೂ ಇರುತ್ತಾರೆ.) ಅವನು ಆಡುತ್ತಿದ್ದದ್ದು ಚಂದ್ರಣ್ಣನ ಗೇಮ್ ಸೆಂಟರಿನಲ್ಲಿ. ಅದು ಅದಿರಿನ ಮಣ್ಣಿಗೆ ಬೆಲೆ ಬಂದು ಮನುಷ್ಯರಿಗೆ ತಲೆ ತಿರುಗಿದ್ದ ಕಾಲ. ಚಂದ್ರಣ್ಣ ನಾಲ್ಕು ಲಾರಿ ಮಾಡಿಕೊಂಡು, ಲಾರಿ ದುಡ್ಡಿನಲ್ಲಿ ಇಪ್ಪತ್ತು ಕಂಪ್ಯೂಟರ್ ಇಟ್ಟಿದ್ದ. ಒಂದು ಆಟಕ್ಕೆ ಐದು ರೂಪಾಯಿ, ಅದರಲ್ಲಿ ಒಂದು ರೂಪಾಯಿ ರಫೀಕನಿಗೆ. ಐದು ರೂಪಾಯಿ ಕೈಬಿಟ್ಟು ಹೋಗುತ್ತದಲ್ಲ ಎಂಬ ಸಂಕಟಕ್ಕೆ ಉಚ್ಚೆಂಗೆಪ್ಪ ಹಲ್ಲು ಕಚ್ಚಿ ಆಡುತ್ತಿದ್ದ. ಹದಿನಾಲ್ಕನೇ ಹಂತದ ಕುರಿ ಹಿಂಡಿನ ತನಕ ಬಂದಿದ್ದ. ಪ್ರತಿ ಸಲ ಸೋತಾಗಲೂ ರಫೀಕನ ಅಂಗಿ ಹಿಡಿದು, “ಸಾಬ್ರೆ, ಆ ಕುರಿ ಹೆಂಗ ದಾಟಬೇಕು ಹೇಳಬ್ಯಾಡ್ರಿ, ನಾನ ಕಂಡು ಹಿಡೀತೀನಿ” ಎನ್ನುತ್ತಿದ್ದ. ಹಾಗೆ ಅನ್ನುವಾಗ ರಫೀಕನಿಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಏಪ್ರಿಲ್ ಮೊದಲ ವಾರ ಚಂದ್ರಣ್ಣ ರಫೀಕನನ್ನು ಕರೆಸಿದ. ಕೊರಳಲ್ಲಿ ಎಮ್ಮೆ ಕಟ್ಟಬಹುದಾದಷ್ಟು ದಪ್ಪ ಚಿನ್ನದ ಸರ.

“ರಫೀಕ್ ಸಾಬ್ರೆ, ಇನ್ನ ಮ್ಯಾಲ ಈ ಐದು ರೂಪಾಯಿ ಚಿಲ್ರಿ ಬ್ಯಾಪಾರ ಬ್ಯಾಡ. ತಿಂಗಳ ಪಾಸ್ ಮಾಡೀನಿ. ಮುನ್ನೂರು ಕೊಟ್ರ ಸಾಕು, ಯಾವ ಆಟ ಬೇಕೋ ಅದು, ಎಷ್ಟು ತಾಸು ಬೇಕೋ ಅಷ್ಟು. ಎರಡು ಎಸಿ ಹಾಕ್ಸೀನಿ, ಕರೆಂಟ್ ಹೋದ್ರ ಜನರೇಟರ್.”

“ಮತ್ತ ನನ್ನ ರೂಪಾಯಿ?”

“ನಿಮ್ಮ ಆಟ ಎಷ್ಟು ನಿಮಿಷ ಓಡತೈತೋ ಅದರ ಮ್ಯಾಲ ನಿಮ್ಮ ಪಾಲು. ಮಂದಿ ಎಷ್ಟು ಹೊತ್ತು ಆಡಿದ್ರ ಅಷ್ಟು ನಿಮಗ ಚಲೋ. ಅದೃಷ್ಟ ಅಂದ್ರ ನಿಮ್ದು ಬಿಡ್ರಿ.”

ರಫೀಕ್ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದ. ದುಡ್ಡಿನ ಅಂಜಿಕೆ ಇಲ್ಲದೆ ಆಡಿದರೆ ಒಬ್ಬನಲ್ಲ, ಇಪ್ಪತ್ತು ಜನ ರಾರಾವಿ ಮುಟ್ಟುತ್ತಾರೆ ಎಂದು ಹೆಂಡತಿಗೆ ವಿವರಿಸಿದ. ನಿಶಾತ್ ದಾರ ಹಲ್ಲಿನಲ್ಲಿ ಕಡಿದು ಕೇಳಿದಳು.

“ಅಲ್ರಿ, ನಾ ಒಂದು ಪ್ಯಾಂಟು ಹೊಲಿದ್ರ ಪೀಸಿನ ರೊಕ್ಕ ಕೊಡ್ತಾರ. ಹಾಕ್ಕೊಂಡೋನು ಎಷ್ಟು ನಿಮಿಷ ಹಾಕ್ಕೊಂಡು ಓಡ್ಯಾಡಿದ ಅಂತ ನೋಡಿ ಕೊಡ್ತೀನಿ ಅಂದ್ರ, ಆ ಸೂಜಿ ತಗೊಂಡು ಚುಚ್ಚತೀನಿ. ನೀವು ಹೂಂ ಅಂದು ಬಂದೀರಲ್ಲ!”

“ನಿನಗ ತಿಳಿಯಂಗಿಲ್ಲ, ಇದು ಹೊಸ ಕಾಲದ ವ್ಯವಹಾರ.”

“ನನಗ ತಿಳಿಯೋದು ಒಂದ. ಮೇ ತಿಂಗಳು.”

ಮೊದಲ ತಿಂಗಳ ಲೆಕ್ಕ ಬಂದಾಗ ರಫೀಕ್ ಓಡಿ ಹೋಗಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದ. ಸೆಂಟರಿನಲ್ಲಿ ಬಂದೂಕಿನ ಆಟಗಳಿದ್ದವು, ಕ್ರಿಕೆಟ್ಟಿತ್ತು, ಕಾರಿನ ರೇಸಿತ್ತು. ಅವನ್ನೆಲ್ಲ ಹಿಂದೆ ಹಾಕಿ ‘ಲಾರಿ ಮನಿಗಿ’ ಮೊದಲ ಸ್ಥಾನಕ್ಕೆ ಬಂದಿತ್ತು! ಎಲ್ಲ ಕಂಪ್ಯೂಟರ್ ಸೇರಿ ದಿನಕ್ಕೆ ನಲವತ್ತು ತಾಸು ಓಡಿತ್ತು. ರಫೀಕ್ ಮಿರ್ಚಿ ಕಡಿಯುತ್ತ, ಇನ್ನು ಮೇಲೆ ತನ್ನನ್ನು ಸುಮ್ಮನೆ ರಫೀಕ್ ಎನ್ನಬಾರದು, ಕಲಾವಿದ ಎನ್ನಬೇಕು ಎಂಬ ಅರ್ಥ ಬರುವಂತೆ ಮಾತಾಡಿದ. ನಿಶಾತ್ ಬೆವರು ಒರೆಸಿಕೊಂಡು, “ಕೊನೀಗಿ ಯಾರು ಮುಟ್ಟಿದ್ರು?” ಎಂದಳು. ಅದೊಂದು ಅವನಿಗೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ತನ್ನ ಅಭಿಮಾನಿಗಳನ್ನು ಕಣ್ಣಾರೆ ಕಾಣಲು ಹೋದ. ಬಾಗಿಲು ತೆಗೆದರೆ ಒಳಗೆ ಊಟಿ. ಇಪ್ಪತ್ತು ಪರದೆಯ ಮೇಲೂ ಅವನದೇ ಲಾರಿ. ಇಪ್ಪತ್ತು ಲಾರಿಗಳೂ ಮೊದಲ ಹಂತದ ಚೆಕ್‌ಪೋಸ್ಟಿನಲ್ಲಿ ಗುರ್ರ್ ಎಂದು ಮೆತ್ತಗೆ ಇಂಜಿನ್ ಸದ್ದು ಮಾಡುತ್ತ ನಿಂತಿದ್ದವು. ಇಪ್ಪತ್ತು ಕುರ್ಚಿಗಳಲ್ಲಿ ಇಪ್ಪತ್ತು ಜನ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು.

ಉಚ್ಚೆಂಗೆಪ್ಪ ಮೂರನೇ ಕುರ್ಚಿಯಲ್ಲಿದ್ದ. ರಫೀಕ್ ಅವನ ಭುಜ ಹಿಡಿದು ಅಲುಗಿಸಿದ.

“ಏನಪ್ಪಾ ಇದು? ಕುರಿ ದಾಟಲಿಲ್ಲೇನು?”

“ಸಾಬ್ರೆ, ಹೊರಗ ನಲವತ್ಮೂರು ಡಿಗ್ರಿ ಐತಿ. ರಾತ್ರಿ ಪೂರ್ತಿ ಸ್ಟೇರಿಂಗ್ ಹಿಡಿದು ಬಂದೀನಿ. ಆಟ ಓಡದಿದ್ರ ಚಂದ್ರಣ್ಣ ಕುರ್ಚಿ ಬಿಟ್ಟು ಏಳ್ರಿ ಅಂತಾನ. ಬಂದೂಕಿನ ಆಟ ಹಾಕಿದ್ರ ಸತ್ತು ಚೀರತೈತಿ. ನಿಮ್ದು ನೋಡ್ರಿ, ಚೆಕ್‌ಪೋಸ್ಟಿಗೆ ತಂದು ನಿಲ್ಲಿಸಿದ್ರ ಕಾಗದ ತೋರ್ಸೋತನಕ ಗೇಟು ತೆಗಿಯಂಗಿಲ್ಲ. ಸಂಜಿತನಕ ನಿಂತಿರತೈತಿ. ಭಾಳ ಚಲೋ ಆಟ ಮಾಡೀರಿ.”

“ಆಡೋದು ಯಾವಾಗ ಮತ್ತ?”

“ಪಾಸ್ ಐತಲ್ರಿ, ಯಾವಾಗ ಬೇಕಾದ್ರೂ ಆಡಬಹುದು” ಎಂದು ಉಚ್ಚೆಂಗೆಪ್ಪ ಕಣ್ಣು ಮುಚ್ಚಿದ.

ರಫೀಕನಿಗೆ ಉರಿದು ಹೋಯಿತು. ಐದು ರೂಪಾಯಿ ಕೊಟ್ಟು ಹಲ್ಲು ಕಚ್ಚಿ ಆಡುತ್ತಿದ್ದವನು, ಪೂರ್ತಿ ಸಿಕ್ಕ ಮೇಲೆ ಮುಟ್ಟಲೂ ಇಲ್ಲ. ಚಂದ್ರಣ್ಣನಿಗೆ ಹೇಳಿ ಇವರನ್ನೆಲ್ಲ ಎಬ್ಬಿಸಬೇಕೆಂದು ಹೋದರೆ ಅವನೇ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದು ಪಿಸುಗುಟ್ಟಿದ.

“ಮೆಲ್ಲಗ ಮಾತಾಡ್ರಿ, ಗಿರಾಕಿ ನಿದ್ದಿ ಕೆಡತೈತಿ. ನಾನ ಹೇಳಿ ಕಳಿಸೋನಿದ್ದೆ. ಆ ಚೆಕ್‌ಪೋಸ್ಟಿನೋನು ಹತ್ತು ನಿಮಿಷಕ್ಕೊಮ್ಮಿ ಪೀಪಿ ಊದತಾನಲ್ಲ, ಅದನ್ನ ತೆಗೀರಿ. ಹಾರ್ನ್ ತೆಗೀರಿ. ಧೂಳು ಕಣ್ಣಿಗೆ ಹೊಡಿಯತೈತಿ, ಅದೂ ಬ್ಯಾಡ.”

ತೆಗೆಯುವುದಿಲ್ಲ ಎಂದು ಹೇಳಲು ರಫೀಕ್ ಬಾಯಿ ತೆರೆದ. ಅಷ್ಟರಲ್ಲಿ ಚಂದ್ರಣ್ಣ ನಿಮಿಷದ ಲೆಕ್ಕದ ಚೀಟಿ ಮುಂದೆ ಹಿಡಿದ. ತೆರೆದ ಬಾಯಿಯಿಂದ ಹೊರಬಿದ್ದದ್ದು “ಆಗಲಿ” ಎನ್ನುವ ಮಾತು. ಪೀಪಿ ಹೋಯಿತು, ಹಾರ್ನ್ ಹೋಯಿತು, ಧೂಳು ಹೋಯಿತು. ಮೇ ಎರಡನೇ ವಾರ ಮತ್ತೊಂದು ತಕರಾರು ಬಂತು. ಈಗ ಪೀಪಿಯೂ ಇಲ್ಲದೆ, ಧೂಳೂ ಹಾರದೆ ಲಾರಿ ನಿಂತೇ ಇದ್ದರೆ ಪರದೆ ತಾನಾಗಿ ಆರಿಹೋಗುತ್ತದೆ, ರಫೀಕನ ಪಾಲು ಎಣಿಸುವ ಗಡಿಯಾರ ನಿಲ್ಲುತ್ತದೆ.

“ಅದು ತಾನ ಮೆತ್ತಗ ಹೋಗ್ತಾ ಇರಲಿ. ಡ್ರೈವರ್ ಬ್ಯಾಡ, ಗೇಟು ಬ್ಯಾಡ, ಗುಂಡಿ ಬ್ಯಾಡ. ಕುಲುಕಬಾರ್ದು ನೋಡ್ರಿ” ಎಂದ ಚಂದ್ರಣ್ಣ.

ಆ ದಿನ ರಫೀಕ್ ಮನೆಯಲ್ಲಿ ಕೂತು, ಸೈಕಲ್ ತುಳಿದು ಎಣಿಸಿ ತಂದ ಗುಂಡಿಗಳನ್ನು ಒಂದೊಂದಾಗಿ ಅಳಿಸಿದ. ಟ್ರ್ಯಾಕ್ಟರ್ ಅಳಿಸಿದ. ಕುರಿ ಹಿಂಡಿನ ಮುಂದೆ ಬಂದಾಗ ಕೈ ಓಡಲಿಲ್ಲ. ಎದ್ದು ನೀರು ಕುಡಿದು ಬಂದು ಅದನ್ನೂ ಅಳಿಸಿದ. ಹಳೆಯದನ್ನು ಬೇರೆ ಕಡೆ ಎತ್ತಿಡೋಣವೆಂದರೆ ಆ ಮುದಿ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಲೋಕೋಪಯೋಗಿ ಇಲಾಖೆ ಕನಸಲ್ಲೂ ಕಾಣದಂಥ ನುಣುಪಾದ ರಸ್ತೆ ಸಂಡೂರಿನಿಂದ ರಾರಾವಿತನಕ ಸಿದ್ಧವಾಯಿತು.

“ಏನ್ ಅಳಸಾಕ ಹತ್ತೀರಿ?” ಎಂದಳು ನಿಶಾತ್.

“ಸುಧಾರಣಿ ಮಾಡಾಕ ಹತ್ತೀನಿ.”

“ಊರ ಮಂದಿಗೆಲ್ಲ ತಣ್ಣಗ ಮಲಗಾಕ ವ್ಯವಸ್ಥಾ ಮಾಡೀರಿ. ನಾನೊಬ್ಬಾಕಿ ಇಲ್ಲಿ ಬೇಯಾಕ ಹತ್ತೀನಿ.”

ರಫೀಕ್ ಬೆಚ್ಚಿ ತಿರುಗಿದ. ನಿದ್ದೆಯ ಗುಟ್ಟನ್ನು ಅವನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. (ಗಲ್ಲಿಯ ಅರ್ಧ ಗಂಡಸರು ಅಲ್ಲೇ ಮಲಗುತ್ತಿದ್ದರು, ಅವರ ಹೆಂಡಂದಿರಿಗೆ ಬಾಯಿ ಇರಲಿಲ್ಲವೇ?) ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಪರದೆಯ ಕಡೆ ತಿರುಗಿ ಮತ್ತೆ ಅಳಿಸತೊಡಗಿದ.

ಮೇ ತಿಂಗಳ ಕೊನೆಯ ಶುಕ್ರವಾರ ಹೊಸ ಆಟ ಶುರುವಾಗುವುದಿತ್ತು. ಸೋಲುವುದಾದರೂ ಇಪ್ಪತ್ತು ಪರದೆಯ ಮೇಲೆ ತನ್ನ ಲಾರಿ ಓಡುವುದನ್ನು ಅವಳು ಒಮ್ಮೆ ನೋಡಲಿ ಎಂದು ರಫೀಕ್ ಜುಮ್ಮಾ ನಮಾಜು ಮುಗಿಸಿ ನಿಶಾತಳನ್ನು ಕರೆದುಕೊಂಡು ಹೋದ. ಅವಳು ಎಸಿ ಕೆಳಗೆ ನಿಂತು, “ಯಾ ಅಲ್ಲಾ, ಸ್ವರ್ಗ ಐತ್ರಿ ಇದು” ಎಂದಳು. ಗಿರಾಕಿಗಳು ಉಂಡು ಬಂದು, ಎರಡೂವರೆಗೆ ಎಲ್ಲರೂ ಒಟ್ಟಿಗೆ ಲಾರಿ ಹೊರಡಿಸಿ ಕಣ್ಣು ಮುಚ್ಚಿದ್ದರು. ಇಪ್ಪತ್ತು ಲಾರಿಗಳು ಗುರ್ರ್ ಎನ್ನುತ್ತ ಕುರುಗೋಡು ದಾಟಿದವು, ಸಿರುಗುಪ್ಪ ದಾಟಿದವು. ಚಂದ್ರಣ್ಣ ಗಡಿಯಾರ ನೋಡಿ ಹೆಬ್ಬೆರಳು ಎತ್ತಿದ.

ಲಾರಿ ಹೊಳೆಯ ದಂಡೆ ಹಿಡಿದಾಗ ರಫೀಕನಿಗೆ ಒಂದು ಸಂಗತಿ ನೆನಪಾಯಿತು. ಎಲ್ಲ ಅಳಿಸಿದ್ದ. ಆದರೆ ಯಾರೂ ಮುಟ್ಟದ ಕೊನೆಯ ಹಂತವನ್ನು ಅಳಿಸುವುದೇತಕ್ಕೆ ಎಂದು ಅದರ ಕಡೆ ನೋಡಿರಲೇ ಇಲ್ಲ.

“ಚಂದ್ರಣ್ಣನೋರೇ, ಕರೆಂಟ್ ತೆಗೀರಿ!” ಎಂದು ಕೂಗುವಷ್ಟರಲ್ಲಿ ಇಪ್ಪತ್ತು ಲಾರಿಗಳು ಒಟ್ಟಿಗೆ ರಾರಾವಿ ಮುಟ್ಟಿದವು. ಇಪ್ಪತ್ತು ಮದುವೆ ಬ್ಯಾಂಡುಗಳು, ಡೋಲು ತುತ್ತೂರಿ ಸಮೇತ, ಒಮ್ಮೆಲೇ ಬಾರಿಸಿದವು!

ಒಬ್ಬ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಒಬ್ಬ “ಬ್ರೇಕ್! ಬ್ರೇಕ್!” ಎಂದು ಎದುರಿನ ಮೇಜನ್ನು ಒದ್ದ, ಅವನೇ ಉಚ್ಚೆಂಗೆಪ್ಪ. ಉಳಿದವರು ಎದ್ದು, ಈ ಆಟ ಮಾಡಿದ ಮಗ ಯಾವನಲೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವನ ಏಳು ತಲೆಮಾರನ್ನೂ ಬೈದರು. ಪಾಸಿನ ದುಡ್ಡು ವಾಪಸ್ ಕೊಡು ಎಂದು ಚಂದ್ರಣ್ಣನ ಚಿನ್ನದ ಸರಕ್ಕೇ ಕೈ ಹಾಕಿದರು. ಚಂದ್ರಣ್ಣ ಅಲ್ಲೇ, ಎಲ್ಲರ ಎದುರಿಗೆ, ಇಪ್ಪತ್ತೂ ಕಂಪ್ಯೂಟರಿನಿಂದ ‘ಲಾರಿ ಮನಿಗಿ’ ಅಳಿಸಿ ಹಾಕಿದ.

ದಾರಿಯಲ್ಲಿ ರಫೀಕ್ ಕೊನೆಯ ಪ್ರಯತ್ನ ಮಾಡಿದ.

“ಒಬ್ಬರಲ್ಲ, ಇಪ್ಪತ್ತು ಮಂದಿ ಕೊನೀ ನೋಡ್ಯಾರ. ಮಾತಿನ ಪ್ರಕಾರ ನಾನ ಗೆದ್ದೀನಿ.”

“ನೋಡ್ಯಾರ, ಖರೆ. ಆಡಿದೋರು ಯಾರು?” ಎಂದಳು ನಿಶಾತ್. ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ ಕೇಳಿದಳು. “ಆ ಬಾಗಿಲದಾಗ ನಿಂತಾಕಿ ನಾನೇನ್ರಿ?”

“ಹೂಂ.”

“ಚಂದ ಬರದೀರಿ. ಆದ್ರ ಅಲ್ಲೂ ನೀವು ಬರೋತನಕ ನಾ ಬಿಸಲಾಗ ನಿಂತೀನಲ್ರಿ.”

ಅವಳ ಮುಖ ನೋಡಬೇಕೆಂದು ಎರಡು ವರ್ಷ ಕಾದವನು ಆಗ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತ ನಡೆದ. ಮರುದಿನವೇ ಕಂಪ್ಯೂಟರ್ ಮಾರಾಟವಾಯಿತು, ಕೂಲರ್ ಬಂತು.

ಹತ್ತು ದಿನ ಕಳೆದಿರಬೇಕು. ಉರಿಬಿಸಿಲಿನಲ್ಲಿ ಉಚ್ಚೆಂಗೆಪ್ಪ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

“ಸಾಬ್ರೆ, ಕುರಿ ದಾಟೋದು ಹೊಳೀತ್ರಿ! ಖರೆ ಕುರಿ ಹಿಂಡು ಅಡ್ಡ ಬಂತು ರಸ್ತೇಕ, ಇಂಜಿನ್ ಬಂದ್ ಮಾಡಿ ಸುಮ್ಮನ ನಿಂತೆ, ತಾವ ದಾಟಿ ಹೋದವು. ಆಟದಾಗೂ ಹಂಗ ಅಲ್ರಿ? ಪಾಸ್ ಬಿಟ್ಟೀನಿ. ಹಾಕ್ರಿ ಆಟ, ಎಷ್ಟರ ರೊಕ್ಕ ಆಗಲಿ, ಇವತ್ತು ಆಡಿ ಮುಗಿಸ್ತೀನಿ.”

ಹೌದು, ಹಾಗೆಯೇ ದಾಟಬೇಕಿತ್ತು. ಇಡೀ ಬಳ್ಳಾರಿಯಲ್ಲಿ ಅದನ್ನು ಕಂಡು ಹಿಡಿದವನು ಇವನೊಬ್ಬನೇ. ರಫೀಕ್ ಮೊದಲು ಕಂಪ್ಯೂಟರ್ ಇದ್ದ ಮೂಲೆಯ ಕಡೆ ಕೈ ತೋರಿಸಿದ. ಆಟ ಇಲ್ಲ, ಯಾವ ಕಂಪ್ಯೂಟರಿನಲ್ಲೂ ಇಲ್ಲ ಎಂದು ಹೇಳಿದ.

“ಹೋಗ್ಲಿ, ಕೊನೀಗಿ ಏನಿತ್ತು ಅದನ್ನಾದ್ರೂ ಹೇಳ್ರಿ. ನಾ ಅವತ್ತು ಮೇಜು ಒದ್ಯೋದ್ರಾಗ ಏನೂ ನೋಡ್ಲಿಲ್ಲ.”

ರಫೀಕನಿಗೆ ಹೋದ ಜೀವ ಬಂದಂತಾಯಿತು. ಅವನನ್ನು ಒಳಗೆ ಕರೆದು, ಕೂಲರ್ ಎದುರಿಗೆ ಚಾಪೆ ಹಾಸಿ ಕೂರಿಸಿದ. ಸಿರುಗುಪ್ಪದಿಂದ ಹೊರಡುವುದು, ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯ ಮೇಲಿನ ಪುಟ್ಟ ಸೇತುವೆ, ಎಲ್ಲವನ್ನೂ ಕೈ ತಿರುವಿ ಸ್ಟೇರಿಂಗ್ ಹಿಡಿದಂತೆ ಮಾಡಿ ಹೇಳಿದ. ಹೊಳೆ ಕಂಡಿತು, ಊರು ಕಂಡಿತು, ಮನೆ ಕಂಡಿತು.

“ಆಗ ನೋಡಪ್ಪಾ, ಬಾಗಿಲದಾಗ...” ಎಂದು ರಫೀಕ್ ದನಿ ಏರಿಸಿದ.

ಉಚ್ಚೆಂಗೆಪ್ಪನ ಬಾಯಿ ತೆರೆದಿತ್ತು, ಕಣ್ಣು ಮುಚ್ಚಿತ್ತು. ಹೊಲಿಗೆ ಯಂತ್ರದ ಕಡೆಯಿಂದ ನಿಶಾತ್ ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗ ಮಾತಾಡ್ರಿ. ಪಾಪ, ನಿದ್ದಿ ಕೆಡತೈತಿ.”